ಟವೆಲ್ಲಿನ ಕೆಳಗೆ ಹಿಡಿದ ಕೈ

ಅವರ ಬಲಗೈಯ ತೋರುಬೆರಳು ಕೊಕ್ಕೆಯಂತೆ ಬಾಗಿತ್ತು. ಪ್ರಾಯದಲ್ಲಿ ಯಾವುದೋ ಟಗರು ಹಗ್ಗ ಜಗ್ಗಿ ಮುರಿದದ್ದು. ಮತ್ತೆ ನೆಟ್ಟಗಾಗಲೇ ಇಲ್ಲ. ಆ ಬೆರಳು ಅಂಗೈಗೆ ತಾಗಿದರೆ ಸಾಕು, ಕಣ್ಣು ಮುಚ್ಚಿಕೊಂಡೇ ಇವರೆಂದು ಹೇಳಬಹುದಿತ್ತು.

ಚಿತ್ರದುರ್ಗದಲ್ಲಿ ಕಿವಿ ಕೇಳದ ಮಕ್ಕಳ ಮನೆಯವರದೊಂದು ಸಂಘವಿದೆ. ಮಗಳಿಂದಾಗಿ ನಾನು ಅದಕ್ಕೆ ಸೇರಿದೆ, ಮೊಮ್ಮಗಳಿಂದಾಗಿ ಅವರು. ನಮಗೆಲ್ಲ ಅವರು ಖಜಾಂಚಿ ಚಾಚಾ. ವರ್ಷಕ್ಕೊಮ್ಮೆ ಕಲ್ಯಾಣಮಂಟಪದಲ್ಲಿ ಸಮಾವೇಶ ನಡೆಸುತ್ತೇವೆ. ಹೊರಗಿನಿಂದ ವೈದ್ಯರು ಬಂದು ಮಕ್ಕಳ ಕಿವಿ, ಕಿವಿಯ ಮಿಷನ್ನು ನೋಡುತ್ತಾರೆ. ಹಳ್ಳಿಯ ಎಷ್ಟೋ ಮಕ್ಕಳಿಗೆ ಸಿಗುವ ತಪಾಸಣೆ ಅದೊಂದೇ. ಶುಲ್ಕ ಜಾಸ್ತಿ ಮಾಡಿದರೆ ಆ ಮಕ್ಕಳು ಬರುವುದಿಲ್ಲ, ಕಡಿಮೆ ಮಾಡಿದರೆ ಮಂಟಪದ ಬಾಡಿಗೆ ಹುಟ್ಟುವುದಿಲ್ಲ.

ಚಾಚಾ ಕುರಿ ವ್ಯಾಪಾರದವರು. ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾರಲ್ಲ, ಅದನ್ನೇ ನೋಂದಣಿ ಮೇಜಿಗೆ ತಂದರು. ಬಂದವರು ಟವೆಲ್ಲಿನೊಳಗೆ ಕೈಯಿಟ್ಟು ತಮ್ಮ ಶಕ್ತಿಗೆ ತಕ್ಕಷ್ಟು ಅವರ ಬೆರಳು ಹಿಡಿಯಬೇಕು. ಒಂದು ಬೆರಳಿಗೆ ನೂರು ರೂಪಾಯಿ; ಬರೀ ಕೈ ಮುಟ್ಟಿಸಿದರೆ ಏನೂ ಕೊಡಬೇಕಿಲ್ಲ. ಹಣ ಹಾಕುವ ಡಬ್ಬಿಯೂ ಒಳಗೇ. ಎಷ್ಟು ಕೊಟ್ಟರೂ ಅದೇ ಬ್ಯಾಡ್ಜು, ಅದೇ ಊಟ, ಅದೇ ಮಾತು: “ಬರ್ರಿ, ಮುಂದೆ ಹೋಗಿ ಕುಂತ್ಕಳ್ರಿ.” ಯಾಕಿಷ್ಟು ಗುಟ್ಟು ಎಂದು ಯಾರಾದರೂ ಕೇಳಿದರೆ, “ಕೊಡೋರ ಕೈ ಕಂಡ್ರೆ ಕೊಡಕಾಗ್ದೋರ ಮುಖಾನೂ ಕಾಣ್ತೈತಲ್ಲಪ್ಪ” ಎನ್ನುತ್ತಿದ್ದರು.

ದಾನಿಗಳಿಗೂ ಅದೇ ಟವೆಲ್, ಆದರೆ ಬೆರಳಿಗೆ ಸಾವಿರ. ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಒಳಗಿಟ್ಟ ಕೈಯನ್ನು ಚಾಚಾ ಬಿಡುತ್ತಲೇ ಇರಲಿಲ್ಲ.

“ಬಿಡ್ರಿ ಚಾಚಾ, ಕೈ ನೋಯ್ತೈತೆ.”

“ನೋಯ್ತಿರೋದು ಕೈಯಲ್ಲ ಸಾವ್ಕಾರ್ರೇ, ಜೇಬು. ಇನ್ನೊಂದು ಬೆರಳು ಹಿಡೀರಿ, ಬಿಡ್ತೀನಿ.”

ನಾನು ಕಾಲೇಜಿನ ಅಧ್ಯಾಪಕ, ಕೈತುಂಬ ಸಂಬಳ. ಮೊದಲ ವರ್ಷ ಮನೆ ಕಟ್ಟಿಸುತ್ತಿದ್ದೇನಲ್ಲ ಎಂದು ಎರಡು ಬೆರಳು ಹಿಡಿದೆ. ಮನೆ ಮುಗಿಯಿತು, ಬಡ್ತಿ ಬಂತು, ಬೆರಳು ಮಾತ್ರ ಎರಡೇ ಉಳಿದವು. ಯಾರಿಗೆ ಕಾಣುತ್ತದೆ? ಚಾಚಾರ ಸೊಟ್ಟ ಬೆರಳು ನನ್ನ ಅಂಗೈಯಲ್ಲಿ ಸ್ವಲ್ಪ ಹೊತ್ತು ಕಾಯುತ್ತಿತ್ತು. ಆಮೇಲೆ ಬ್ಯಾಡ್ಜು ಬರುತ್ತಿತ್ತು.

ಒಂದು ವರ್ಷ ಅಡುಗೆಯವರಿಗೆ ಕೊಡಲು ಹಣ ಸಾಲದೆ ಸಭೆ ಕರೆದರು. ನಾನೇ ಎದ್ದು ನಿಂತೆ. ಎಲ್ಲರಿಗೂ ಒಂದೇ ಶುಲ್ಕ ಇರಲಿ, ಆಗದವರು ಅರ್ಜಿ ಬರೆದುಕೊಡಲಿ ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. “ಟವೆಲ್ ಕೆಳಗೆ ಯಾರೋ ಮೋಸ ಮಾಡ್ತಿದಾರೆ” ಎಂದೂ ಸೇರಿಸಿದೆ. ಕೆಲವರ ಕಣ್ಣು ಹಿಂದಿನ ಸಾಲಿನಲ್ಲಿದ್ದ ಹಿರೇಗುಂಟನೂರಿನ ಕುರಿ ಕಾಯುವವನ ಕಡೆ ಹೊರಳಿತು. ಆತ ತಲೆ ತಗ್ಗಿಸಿದ. ಮೋಸ ಯಾರದೆಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು.

ಚಾಚಾ ನನ್ನ ಕಡೆ ನೋಡಲಿಲ್ಲ. “ಯಾರೂ ಮೋಸ ಮಾಡಿಲ್ರಪ್ಪ. ನಾನೇ ಸರಿಯಾಗಿ ಜಗ್ಗಲಿಲ್ಲ, ತಪ್ಪು ನಂದು. ಈ ಸಲದ್ದು ನಾನು ತುಂಬ್ತೀನಿ, ಟವೆಲ್ ಇರ್ಲಿ” ಎಂದರು.

ಅಷ್ಟು ನಾಚಿಕೆ ನನಗೆ ಜನ್ಮದಲ್ಲೇ ಆಗಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಹೊರಗೆ ಚಪ್ಪಲಿ ಮೆಟ್ಟುತ್ತಾ ಅವರು ನನ್ನನ್ನು ಕೇಳಿದ್ದು ಇಷ್ಟೇ: “ಮೇಷ್ಟ್ರೇ, ಮಗಳಿಗೆ ಹೊಸ ಮಿಷನ್ನು ಚೆನ್ನಾಗಿ ಹೊಂದ್ಕಂಡೈತಾ?” ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮುಂದಿನ ಸಮಾವೇಶದಲ್ಲಿ ಅವರ ಐದೂ ಬೆರಳು ಹಿಡಿಯಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಚಾಚಾ ತೀರಿಕೊಂಡರು. ಮೇಷ್ಟ್ರು ಲೆಕ್ಕದಲ್ಲಿ ಕಟ್ಟುನಿಟ್ಟು ಎಂದು ಸಂಘದವರು ಅವರ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿದರು.

ಹಿರೇಗುಂಟನೂರಿನವನು ಮಗನನ್ನು ಕರೆದುಕೊಂಡು ಬಂದ. ಒರಟು ಕೈಯೊಂದು ಟವೆಲ್ಲಿನೊಳಗೆ ಬಂದು ನನ್ನ ಮೂರು ಬೆರಳು ಹಿಡಿಯಿತು. ಗೊತ್ತಾಗದೆ ಹಿಡಿದನೇನೋ ಎಂದು ಅವನ ಮುಖ ನೋಡಿದೆ.

“ಚಾಚಾ ಇದ್ದಾಗ್ಲೂ ಅಷ್ಟೇ ಕೊಡ್ತಿದ್ದೆ ಸಾ” ಎಂದ ಮೆಲ್ಲಗೆ. “ಕಮ್ಮಿ ಆಯ್ತಾ?”