ಗ್ಲೋರಿಯಾ ಹಾಡದ ಭಾನುವಾರಗಳು

ಗಂಟನ್ನು ಮೊದಲು ನೋಡಿದ್ದು ಮಮ್ಮಿ. ನಾನು ಕೂದಲೆತ್ತಿ ಕಟ್ಟುತ್ತಿದ್ದೆ. "ಒಮ್ಮೆ ಉಗುಳು ನುಂಗು ನೋಡುವ," ಎಂದರು. ನುಂಗಿದೆ. ಕುತ್ತಿಗೆಯಲ್ಲಿ ಏನೋ ಮೇಲೆ ಹೋಗಿ ಕೆಳಗೆ ಬಂತು.

ಥೈರಾಯ್ಡ್ ಕ್ಯಾನ್ಸರ್.

ಪೂರ್ತಿ ತೆಗೆಯಬಹುದು, ಆದರೆ ಗಂಟು ಧ್ವನಿಯ ನರಕ್ಕೆ ಅಂಟಿಕೊಂಡಿದೆ, ಸರ್ಜರಿಯ ನಂತರ ಸ್ವರ ಹೋಗಲೂಬಹುದು ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಎಚ್ಚರವಾದಾಗ ನೀರು ಕೇಳಲು ಬಾಯಿ ತೆರೆದೆ. ಗಾಳಿ ಮಾತ್ರ ಬಂತು.

"ಮಾತು ನಿಧಾನಕ್ಕೆ ಬರಬಹುದು," ಎಂದರು ಡಾಕ್ಟರ್.

'ಹಾಡು?' ಎಂದು ಮೊಬೈಲ್‌ನಲ್ಲಿ ಬರೆದು ತೋರಿಸಿದೆ.

"ಅದು ಹೇಳಲಿಕ್ಕೆ ಆಗುವುದಿಲ್ಲ."

ಶಾಲೆಯ ದಿನಗಳಿಂದ ನಾನು ನಮ್ಮೂರ ಇಗರ್ಜಿಯ ಕ್ವಾಯರ್‌ನಲ್ಲಿ ಹಾಡುತ್ತಿದ್ದವಳು. ದೇವರ ಹತ್ತಿರ ಹೋಗಲು ನನಗೆ ಬೇರೆ ದಾರಿ ಗೊತ್ತಿರಲಿಲ್ಲ ಎನ್ನುವುದು, ಕೆಲಸಕ್ಕೆಂದು ಹಿಡಿದಿದ್ದ ಪರ್ಕಳದ ಬಾಡಿಗೆ ರೂಮು ಬಿಟ್ಟು ಕಾಪುವಿನಲ್ಲಿ ಮಮ್ಮಿಯ ಮನೆಗೆ ಬಂದು, ಜಪಸರ ಹಿಡಿದು ತುಟಿ ಆಡಿಸುವಾಗ ತಿಳಿಯಿತು. ಪದಗಳಿದ್ದವು. ನಾನಿರಲಿಲ್ಲ. ಸದಾ ಸುಸ್ತು. ಭಾನುವಾರದ ಪೂಜೆ ಬಿಟ್ಟೆ. ಮಮ್ಮಿ ಒತ್ತಾಯಿಸಲಿಲ್ಲ, ಅದೇ ಹೆಚ್ಚು ನೋಯಿಸಿತು.

ಆಗಮನ ಕಾಲ ಶುರುವಾಗುವಾಗ ಕ್ವಾಯರ್ ನಡೆಸುವ ಲೀನಾ ಆಂಟಿ ಮನೆಗೆ ಬಂದರು.

"ಹಾಡಲಿಕ್ಕೆ ಕರೆಯುವುದಲ್ಲ ಮಾರಾಯ್ತಿ. ಕೆಳಸ್ವರದ ಆಲ್ಟೋದವರ ನಡುವೆ, ನಿನ್ನ ಜಾಗದಲ್ಲಿ ನಿಲ್ಲು. ನೀನಿಲ್ಲದೆ ಎಲ್ಲರೂ ಮೇಲುಸ್ವರದ ಸೊಪ್ರಾನೋದವರ ಹಿಂದೆ ಓಡುತ್ತಾರೆ."

"ನಿಂತು ಎಂತ ಮಾಡಲಿ?" ಉಸಿರಿನಲ್ಲೇ ಕೇಳಿದೆ.

"ಬಾಯಿ ಆಡಿಸು. ಉಳಿದವರು ಅಷ್ಟೂ ಮಾಡುವುದಿಲ್ಲ."

ಹೋದೆ. ಬಾಯಿ ಆಡಿಸಿದೆ. ಕ್ರಿಸ್ಮಸ್‌ಗೆ ಮೊದಲಿನ ಈ ವಾರಗಳಲ್ಲಿ ಪೀಠಕ್ಕೆ ನೇರಳೆ ಬಟ್ಟೆ, ಹಾಡಿಗೆ ವಾದ್ಯ ಕಡಿಮೆ. ದೇವರ ಮಹಿಮೆಯ ಹಾಡು ಗ್ಲೋರಿಯಾವನ್ನು ಹಾಡುವಂತಿಲ್ಲ, ಅದು ಹಬ್ಬಕ್ಕೆಂದು ಎತ್ತಿಟ್ಟದ್ದು. ಮೊದಲೆಲ್ಲ ನನಗೆ ಇದು ಬೇಸರ ತರುತ್ತಿತ್ತು. ಈ ಸಲ, ಇಡೀ ಇಗರ್ಜಿ ಒಂದು ಹಾಡನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತಿರುವಾಗ, ಸುಮ್ಮನಿರುವುದು ನನ್ನೊಬ್ಬಳ ಕೊರತೆ ಅನ್ನಿಸಲಿಲ್ಲ.

ಹಬ್ಬ ಹತ್ತಿರವಾದ ಒಂದು ಭಾನುವಾರ, ವಾರವಿಡೀ ಕ್ರಿಸ್ಮಸ್ ಹಾಡುಗಳನ್ನು ಪ್ರಾಕ್ಟೀಸ್ ಮಾಡಿದ್ದ ಕೀಬೋರ್ಡಿನ ರೋಶನ್ ಮೈಮರೆತು ಗ್ಲೋರಿಯಾ ನುಡಿಸಿಬಿಟ್ಟ. ಕ್ವಾಯರೂ ಹಾಡಿಬಿಟ್ಟಿತು. ಆಂಟಿ ಗಾಬರಿಯಲ್ಲಿ ಕೈಯೆತ್ತಿದರು. ಎಲ್ಲರೂ ನಿಲ್ಲಿಸಿದರು. ನಾನು ಕಣ್ಣು ಮುಚ್ಚಿದ್ದೆ.

ಒಂದು ಸ್ವರ ಉಳಿಯಿತು.

ಒರಟು. ನಡುಗುವಂಥದ್ದು. ಮುಂದಿನ ಬೆಂಚಿನವರು ತಿರುಗಿ ನೋಡಿದರು. "ಯಾರದು?" ಎಂದು ಆಂಟಿ ಸಿಟ್ಟಿನಲ್ಲಿ ತಿರುಗಿದರು. ನನ್ನ ಬಾಯಿ ಇನ್ನೂ ತೆರೆದೇ ಇತ್ತು. ಅವರ ಕೈ ಮೇಲೆಯೇ ನಿಂತಿತು. ಫಾದರ್ ಕೆಮ್ಮಿ, "ಪ್ರಾರ್ಥಿಸೋಣ," ಎಂದರು.

ಹೊರಗೆ ಮಮ್ಮಿ ಕೇಳಿದರು: "ಆ ಕಾಗೆ ಸ್ವರ ನಿನ್ನದಾ?"

"ಹೌದು."

"ಹ್ಞೂಂ," ಎಂದು ನನ್ನ ಕೈ ಹಿಡಿದುಕೊಂಡರು. ಬಸ್ಸು ಬರುವವರೆಗೂ ಬಿಡಲಿಲ್ಲ.

ಮುಂದಿನ ಚೆಕಪ್‌ನಲ್ಲಿ ಡಾಕ್ಟರ್, "ನರ ಸ್ವಲ್ಪ ಕೆಲಸ ಮಾಡುತ್ತಾ ಉಂಟು," ಎಂದರು. ಹೆಚ್ಚು ಆಸೆ ಹುಟ್ಟಿಸಲಿಲ್ಲ. ಈಗಲೂ ಸಾಲಿನ ಅರ್ಧದಲ್ಲೇ ನನ್ನ ಸ್ವರ ಕೈಕೊಡುತ್ತದೆ. ಉಳಿದದ್ದನ್ನು ಪಕ್ಕದವರು ಹಾಡುತ್ತಾರೆ, ನಾನು ಕೇಳುತ್ತಾ ನಿಲ್ಲುತ್ತೇನೆ. ಸುಸ್ತು ಹೋಗಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಎದ್ದು ಹೋಗಲು ಆ ಅರ್ಧ ಸಾಲು ಸಾಕಾಗುತ್ತಿದೆ.