ಬಾವಿಯ ನೀರು ಕುಡಿದ ಎಲೆ

ಸೊಲ್ಲಾಪುರ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ ನಮಗೆ ಸಸ್ಯಶಾಸ್ತ್ರ ಕಲಿಸಿದ ಮಾಸ್ತರರು, ಸೂಜಿ ತೆಗೆದು ನೀರು ತುಂಬಿದ ಸಿರಿಂಜನ್ನು ಎಲೆಯ ಬೆನ್ನಿಗೆ ಹಚ್ಚಿ, ಆಚೆ ಬೆರಳು ಆನಿಸಿ, ಮೆಲ್ಲಗೆ ಒತ್ತುತ್ತಿದ್ದರು. ನೀರು ಹರಡಿದಷ್ಟು ಎಲೆ ಕಪ್ಪಗಾಗುತ್ತಿತ್ತು. ನಾವು ಜೋರು ಮಾಡಿದರೆ ಎಲೆಯೇ ಹರಿದುಹೋಗುತ್ತಿತ್ತು.

“ಎಲಿಗಿ ಅವಸರ ಇಲ್ರಿ,” ಎನ್ನುತ್ತಿದ್ದರು.

ಒಮ್ಮೆ ರೋಗ ಬಿದ್ದ ಮೆಣಸಿನ ಗಿಡ ತೋರಿಸಲು ನಮ್ಮನ್ನು ಹನ್ನೂರಿಗೆ ಕರೆದೊಯ್ದರು. ತೋಟದಲ್ಲಿ ಜನ ಒಬ್ಬ ಕುರುಬನನ್ನು ಹಿಡಿದು ನಿಲ್ಲಿಸಿದ್ದರು.

“ಬಾವ್ಯಾಗ ವಿಷ ಹಾಕಿ ಗಿಡ ಸುಟ್ಟಾನ್ರಿ ಇಂವ!” ಎಂದ ತೋಟದ ಯಜಮಾನ.

“ನಮ್ಮ ದೇವರು ಬೀರೋಬಾನ ಆಣಿ, ನಾ ಹಾಕಿಲ್ರಿ,” ಎಂದ ಕುರುಬ.

ಬಡಿಗೆಗಳು ಮೇಲೆದ್ದಿದ್ದವು. ಮಾಸ್ತರರು ಸಿರಿಂಜು ಹೊರತೆಗೆದರು. ನಮಗೆ ಹೋಲಿಸಿ ತೋರಿಸಲು ತಾವು ತಂದಿದ್ದ ಕುಂಡದ ಮೆಣಸಿನ ಗಿಡದಲ್ಲಿ ಒಂದು ಒಳ್ಳೆಯ ಎಲೆ ಆರಿಸಿ, ನಡುನರದ ಒಂದು ಮಗ್ಗುಲಿಗೆ ಬಾವಿಯ ನೀರು, ಇನ್ನೊಂದಕ್ಕೆ ರೋಗದ ಎಲೆ ಅರೆದು ಸೋಸಿದ ರಸ ತುಂಬಿದರು.

“ಈಗ ಹೇಳ್ರಿ!” ಎಂದ ಯಜಮಾನ.

“ಎಲಿಗಿ ಅವಸರ ಇಲ್ರಿ. ಒಂದು ವಾರ ತಡೀರಿ, ಅಲ್ಲೀತನ ಈ ಕುರುಬನ್ನ ಮುಟ್ಟಬ್ಯಾಡ್ರಿ,” ಎಂದರು ಮಾಸ್ತರರು.

ಕುಂಡ ಎಲ್ಲರ ಕಣ್ಣೆದುರು ಗುಡಿಯ ಕಟ್ಟೆಯ ಮೇಲೆ ಉಳಿಯಿತು. ವಾರ ಬಿಟ್ಟು ಹೋದಾಗ ರಸದ ಮಗ್ಗುಲು ಸುಟ್ಟಂತಾಗಿತ್ತು. ನೀರಿನ ಮಗ್ಗುಲು ಹಸಿರಾಗಿತ್ತು.

“ಇದು ಗಿಡದ ರೋಗರಿ. ಬಾವಿ ನೀರು ಎಲಿ ಕುಡದದ, ಆರಾಮ ಅದ. ಇನ್ನ ನೀವು ಕುಡೀರಿ, ಸಾವಕಾರ್ರ,” ಎಂದು ಮಾಸ್ತರರು ಯಜಮಾನನಿಗೆ ಹೇಳಿದರು.

ಕುರುಬನೇ ಕೊಡ ಸೇದಿ ಎತ್ತಿ ಹಿಡಿದ. ಯಜಮಾನ ಅವನೆದುರು ಬಾಗಿ ಬೊಗಸೆ ಒಡ್ಡಿದ.