ಆದಿಲಕ್ಷ್ಮಮ್ಮನ ಮೂಗು

ನಮ್ಮ ಪಕ್ಕದ ಮನೆ ಆದಿಲಕ್ಷ್ಮಮ್ಮನ ಮೂಗಿಗೆ ಊರೇ ಹೆದರುತ್ತಿತ್ತು. ಬಂಗಾರಪೇಟೆ ಬಸ್ಸಿಳಿದು ಬಂದವರು ಬೀಡಿ ಸೇದಿದ್ದಾರೋ, ಮುಖಕ್ಕೆ ಪೌಡರ್ ಬಳಿದಿದ್ದಾರೋ, ಹುಳುಮನೆಯ ಬಾಗಿಲಲ್ಲೇ ಮೂಸಿ ಹೇಳುತ್ತಿದ್ದಳು. ರೇಷ್ಮೆಹುಳುವಿಗೆ ಘಾಟು ವಾಸನೆ ಆಗದು. ಸ್ವಂತ ಗಂಡ ಆಂಜನಪ್ಪ ಒಮ್ಮೆ ಬೀಡಿ ಸೇದಿ ಒಳಗೆ ಕಾಲಿಟ್ಟದ್ದಕ್ಕೆ ಆ ಮನುಷ್ಯನನ್ನು ವರ್ಷವಿಡೀ ಹುಳುಮನೆಯ ಹೊಸ್ತಿಲು ದಾಟಿಸಲಿಲ್ಲ. ತಪ್ಪು ಮಾಡಿದವರು ಯಾರಾದರೇನು, ಆಚೆಗೇ. ಅದು ಅವಳ ಕಾನೂನು.

ಚಿನ್ನದ ಗಣಿಯ ಊರು ಊರಿಗಾಂನ ಕೂಲಿಕಾರರ ಲೈನ್ ಮನೆಯಿಂದ ಶ್ಯಾಮಲ ಸೊಸೆಯಾಗಿ ಬಂದಳು. ಹಿಪ್ಪುನೇರಳೆ ಸೊಪ್ಪನ್ನೇ ಕಂಡಿರದ ಹುಡುಗಿ. ಮಲ್ಲಿಗೆ ಮುಡಿದು ಬಂದವಳನ್ನು ಅತ್ತೆ ಬಾಗಿಲಲ್ಲೇ ತಡೆದಳು.

"ಊವ ತೆಗ್ದು, ಕಾಲು ತೊಳ್ಕಂಡು ಬಾ. ಇಲ್ದಿದ್ರೆ ಆಚೇನೇ ನಿಂತ್ಕ."

ಎಷ್ಟು ಗರ್ವ ಈ ಹೆಂಗಸಿಗೆ ಎಂದು ನನಗೆ ಮೈಯೆಲ್ಲ ಉರಿಯಿತು. ಶ್ಯಾಮಲ ಮಾತ್ರ ಹೂವು ತೆಗೆದು, ಪಕ್ಕದಲ್ಲೇ ನಿಂತಿದ್ದ ನನ್ನ ಕೈಗಿಟ್ಟು ಒಳಗೆ ಹೋದಳು.

ಈಗೆಲ್ಲ ಮರಿಹುಳುವನ್ನೇ ಕೊಂಡು ತರುತ್ತಾರೆ. ಆದಿಲಕ್ಷ್ಮಮ್ಮನಿಗೆ ಅದು ಒಗ್ಗದು. ಸಾಸಿವೆಗಿಂತ ಸಣ್ಣ ಮೊಟ್ಟೆ ತಂದು, ಕಪ್ಪು ಬಟ್ಟೆ ಮುಚ್ಚಿ, ಮರಿ ಒಡೆಯುವ ಬೆಳಿಗ್ಗೆ ತಾನೇ ಬಟ್ಟೆ ಸರಿಸಬೇಕು. ಈ ಸಲ ಆ ಕೆಲಸವನ್ನು ಸೊಸೆಗೆ ಬಿಟ್ಟಳು. ಕೂದಲೆಳೆಯಂಥ ಕಪ್ಪು ಮರಿಗಳಿಗೆ ಶ್ಯಾಮಲ ಎಳೆಸೊಪ್ಪು ಹೆಚ್ಚಿ ಹಾಕಿದಳು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ದಾಟಿಸುವಷ್ಟರಲ್ಲಿ ಹುಡುಗಿ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಬೆರಳುದ್ದದ ಹುಳುಗಳು ಹಣ್ಣಾಗಿ, ಮೈ ಹಳದಿಗೆ ತಿರುಗಿ, ಬೆಳಕು ಹಾಯುವಂತಾದವು. ಇನ್ನು ಗೂಡು ಕಟ್ಟಲು ಬಿದಿರಿನ ತಟ್ಟಿಗೆ, ಚಂದ್ರಂಕಿಗೆ, ಬಿಡುವುದೊಂದೇ ಬಾಕಿ.

ಆ ದಿನ ಮನೆಯೊಡತಿ ತನ್ನ ಮದುವೆಯ ರೇಷ್ಮೆ ಸೀರೆ ಉಟ್ಟು, ಹುಳುವಿನ ತಟ್ಟೆಗೆ ಅರಿಶಿನ ಕುಂಕುಮ ಇಟ್ಟು ಕೈಮುಗಿಯುವುದು ಆ ಮನೆಯ ಪದ್ಧತಿ. ಆದಿಲಕ್ಷ್ಮಮ್ಮ ಟ್ರಂಕಿನಿಂದ ಸೀರೆ ತೆಗೆದು ಉಟ್ಟು ಒಳಗೆ ಹೋದಳು. ನಾನು ಕಿಟಕಿಯಾಚೆ ನಿಂತಿದ್ದೆ. ಅವಳ ಸೆರಗು ತಟ್ಟೆಗಳ ಮೇಲೆ ಹಾಯುತ್ತಿದ್ದಂತೆ ಹುಳುಗಳು ತಲೆ ಒದರತೊಡಗಿದವು, ಹಸಿರು ನೀರು ಕಕ್ಕಿದವು.

ಶ್ಯಾಮಲ ಅತ್ತೆಯ ರಟ್ಟೆ ಹಿಡಿದು ಎಳೆದಳು. "ಅತ್ತೆ, ಆಚೆ ಬನ್ನಿ. ಸೀರೇಲಿ ನುಸಿಗುಳಿಗೆ ವಾಸ್ನೆ. ನಿಮ್ಗೆ ಗೊತ್ತಾಗ್ಲಿಲ್ವಾ?"

ಹೋದ ಬೆಳೆಯ ಪೂಜೆಯಲ್ಲಿ ಆ ಸೀರೆಗೆ ನುಸಿ ಹಿಡಿದು ತೂತಾಗಿದ್ದು ಕಂಡು, ಟ್ರಂಕಿಗೆ ಗುಳಿಗೆ ಸುರಿದು ಮರೆತವಳು ಆದಿಲಕ್ಷ್ಮಮ್ಮನೇ. ಕಿಟಕಿಯಾಚೆ ನಿಂತ ನನಗೂ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅವಳು ಸೆರಗನ್ನು ಮೂಗಿಗೆ ಒತ್ತಿ ಮತ್ತೆ ಮತ್ತೆ ಮೂಸಿದಳು.

"ನಂಗೆ ಯಾವ ವಾಸ್ನೇನೂ ಗೊತ್ತಾಗಲ್ಲ ಕಣೇ. ಕೊರೊನ ಬಂದೋದಾಗಿಂದ ಇಂಗೇ."

ಹಾಗಾದರೆ ಇಷ್ಟು ದಿನ ಬಾಗಿಲಲ್ಲಿ ಮೂಸಿದ್ದೆಲ್ಲ ನಾಟಕ. ಮಲ್ಲಿಗೆಯನ್ನು ಕಣ್ಣಲ್ಲಿ ಕಂಡಿದ್ದಳು, ಬೀಡಿಯನ್ನು ಜೇಬಿನ ಉಬ್ಬು ನೋಡಿ ಹೇಳಿದ್ದಳು.

ಅವಳು ಸೊಸೆಯ ಕೈ ಬಿಡಿಸಿಕೊಂಡು, ತಾನೇ ಹೊರಬಂದು ಜಗಲಿಯಲ್ಲಿ ಕೂತಳು. ಶ್ಯಾಮಲ ಕಿಟಕಿಗಳನ್ನೆಲ್ಲ ತೆರೆದು, ಉಳಿದ ಹುಳುಗಳನ್ನು ಒಬ್ಬಳೇ ಚಂದ್ರಂಕಿಗೆ ಬಿಟ್ಟಳು. ಸತ್ತವನ್ನು ಬುಟ್ಟಿಯಲ್ಲಿ ಹೊರತಂದಾಗ ಅತ್ತೆ ತಲೆಯೆತ್ತಲಿಲ್ಲ. ಹುಳುಗಳು ಗೂಡು ಕಟ್ಟಿ ಮುಗಿಸುವ ತನಕ ಹುಳುಮನೆಯತ್ತ ಹೆಜ್ಜೆ ಇಡಲೂ ಇಲ್ಲ. ಅವಳ ಮೇಲಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ, ಅಳು ಬಂತು.

ಗೂಡು ಬಿಡಿಸುವ ಬೆಳಿಗ್ಗೆ ಶ್ಯಾಮಲ ಒಂದು ಗೂಡು ತಂದು ಅತ್ತೆಯ ಕಿವಿಯ ಹತ್ತಿರ ಅಲುಗಿಸಿದಳು. ಒಳಗೆ ಲೊಟಲೊಟ ಸದ್ದಾಯಿತು. ಹುಳು ಕೋಶವಾಗಿ ಗಟ್ಟಿಯಾಗಿದ್ದರೆ ಮಾತ್ರ ಬರುವ ಸದ್ದು ಅದು.

"ಒಳಕ್ಕೆ ಬರ್ಲಾ?" ಎಂದು ಆದಿಲಕ್ಷ್ಮಮ್ಮ ಕೇಳಿದಳು.

ಶ್ಯಾಮಲ ಬಗ್ಗಿ ಅತ್ತೆಯ ಸೆರಗನ್ನು ಮೂಸಿದಳು.

"ಕಾಲು ತೊಳ್ಕಂಡು ಬನ್ನಿ."